ವಾಪಸ್ ಕರೆಸಿಕೊಂಡ ಡಾಗ್ ಫುಡ್ ನಮ್ಮ ನಾಯಿ ಆಗಲೇ ಅರ್ಧ ಚೀಲ ತಿಂದಿದ್ದಾನೆ, ಏನು ಮಾಡಲಿ?

ಕೇಳಿದವರು, ವಿಜಯನಗರ (ಭಾನುವಾರ ರಾತ್ರಿ)

ಸ್ವಲ್ಪ ಗಾಬರಿಯಲ್ಲಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೊಂದಿಸಿಕೊಂಡು ಓದಿ. ನಮ್ಮ ಬ್ರೂನೋ ಲ್ಯಾಬ್ರಡಾರ್, 4 ವರ್ಷ, 31 ಕೆಜಿ. ಎರಡು ತಿಂಗಳಿಂದ ಹೊರದೇಶದ ಒಂದು ಬ್ರ್ಯಾಂಡಿನ ಡ್ರೈ ಫುಡ್ ಹಾಕುತ್ತಿದ್ದೇವೆ. ಇವತ್ತು ಸಂಜೆ ಅಮೆರಿಕದಲ್ಲಿರುವ ನಾದಿನಿ ಫೋನ್ ಮಾಡಿ, ಅದೇ ಫುಡ್ಡಿನ ಕೆಲವು ಲಾಟ್‌ಗಳಲ್ಲಿ ವಿಟಮಿನ್ ಡಿ ಜಾಸ್ತಿ ಬಿದ್ದಿದೆಯಂತೆ, ಕಂಪನಿಯೇ ವಾಪಸ್ ಕರೆಸಿಕೊಳ್ಳುತ್ತಿದೆ ಎಂದಳು. ಎರಡನೇ ಚೀಲ ನಡೆಯುತ್ತಿದೆ, 12 ಕೆಜಿಯದು, ಅರ್ಧಕ್ಕಿಂತ ಜಾಸ್ತಿ ಖಾಲಿ. ತಂದ ದಿನವೇ ಎಲ್ಲವನ್ನೂ ಸ್ಟೀಲ್ ಡ್ರಮ್ಮಿಗೆ ಸುರಿದಿದ್ದೆವು, ಚೀಲ ಎಲ್ಲಿ ಹೋಯಿತೋ ಗೊತ್ತಿಲ್ಲ.

ಬ್ರೂನೋ ನೋಡಲು ಚೆನ್ನಾಗೇ ಇದ್ದಾನೆ. ಆದರೆ ನೀರು ಜಾಸ್ತಿ ಕುಡಿಯುತ್ತಿದ್ದಾನೆ ಅನಿಸುತ್ತಿದೆ. ರಾತ್ರಿ ಒಂದೆರಡು ಸಲ ಎದ್ದು ಬಾಗಿಲು ಕೆರೆಯುತ್ತಾನೆ. ಬಿಸಿಲು ಜಾಸ್ತಿ ಅಲ್ವಾ, ಅದಕ್ಕೇ ಇರಬೇಕು ಅಂತ ಅತ್ತೆ ಅಂತಾರೆ. ಈಗಲೇ ವಾಂತಿ ಮಾಡಿಸಲಾ? ಯಾರಿಗಾದರೂ ಇಂಥದ್ದು ಆಗಿದೆಯಾ? ದಯವಿಟ್ಟು ಹೇಳಿ.

ಬನಶಂಕರಿಯಿಂದ

ಮೇಡಂ, ವಾಂತಿ ಮಾಡಿಸಬೇಡಿ. ಅದೆಲ್ಲ ಈಗ ತಾನೇ ಏನೋ ವಿಷ ನುಂಗಿದಾಗ, ಅದೂ ಒಂದೆರಡು ಗಂಟೆಯ ಒಳಗೆ, ಅದೂ ಡಾಕ್ಟರ್ ಹೇಳಿದರೆ. ತಿಂಗಳಿಂದ ತಿಂದದ್ದು ಹೊಟ್ಟೆಯಲ್ಲಿ ಕೂತಿಲ್ಲ, ಮೈಗೆ ಸೇರಿಯಾಗಿದೆ.

ಹಿಂದೆ ನಮ್ಮ ಪಮೇರಿಯನ್ ಚಾಕೊಲೇಟ್ ತಿಂದಳು ಅಂತ ಪಕ್ಕದ ಮನೆಯವರ ಮಾತು ಕೇಳಿ ಒಂದು ಲೋಟ ಉಪ್ಪುನೀರು ಕುಡಿಸಿದೆ. ಚಾಕೊಲೇಟ್ ಏನೂ ಮಾಡಲಿಲ್ಲ. ಉಪ್ಪೇ ಮಾಡಿತು. ರಕ್ತದಲ್ಲಿ ಸೋಡಿಯಂ ಏರಿ ಕೈಕಾಲು ನಡುಗಿ, ರಾತ್ರಿ ಎರಡು ಗಂಟೆಗೆ ಆಟೋದಲ್ಲಿ ಮಡಿಲಲ್ಲಿ ಹಾಕಿಕೊಂಡು ಓಡಿದ್ದು ಇವತ್ತಿಗೂ ನೆನಪಿದೆ. ನನ್ನ ಕೈಯಾರೆ ಮಾಡಿಕೊಂಡದ್ದು.

ಈಗ ತಟ್ಟೆ ಎತ್ತಿಡಿ. ನೀರಿನ ಬಟ್ಟಲು ಮಾತ್ರ ಎತ್ತಬೇಡಿ, ಎಷ್ಟು ಬೇಕೋ ಕುಡಿಯಲಿ. ಇನ್ನೊಂದು. ಲ್ಯಾಬ್ ಅಂದಮೇಲೆ ಮೂಳೆ ಗಟ್ಟಿಯಾಗಲಿ ಅಂತ ಕ್ಯಾಲ್ಸಿಯಂ ಸಿರಪ್ ಹಾಕುತ್ತಿರುತ್ತೀರಿ, ಅಲ್ವಾ? ಇವತ್ತಿಂದಲೇ ನಿಲ್ಲಿಸಿ. ವಿಟಮಿನ್ ಡಿ ಜಾಸ್ತಿ ಆದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ, ಆ ಸಿರಪ್ಪಿನಲ್ಲಿ ಎಷ್ಟೋ ಸಲ ಎರಡೂ ಇರುತ್ತವೆ. ಹಾಲು, ಮೊಸರನ್ನ ಕೂಡ ಸದ್ಯಕ್ಕೆ ಬೇಡ. ಎಳನೀರು ತಂಪು ಅಂತ ಯಾರಾದರೂ ಹೇಳುತ್ತಾರೆ, ಅದೂ ಬೇಡ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಕಿಡ್ನಿಗೆ ಪೆಟ್ಟಾಗಿದ್ದರೆ ಅದೇ ತೊಂದರೆ.

ಕೇಳಿದವರು, ವಿಜಯನಗರ

ಅಯ್ಯೋ, ಕ್ಯಾಲ್ಸಿಯಂ ಸಿರಪ್ ದಿನಾ ಎರಡು ಚಮಚ ಹಾಕುತ್ತಿದ್ದೆ. ಮೊಸರನ್ನವೂ. ನಿಲ್ಲಿಸಿದೆ.

ಬಸವನಗುಡಿಯಿಂದ

ನಮ್ಮ ಮನೆಯಲ್ಲಿ ಆದದ್ದು ಪೂರ್ತಿ ಹೇಳುತ್ತೇನೆ, ಉದ್ದವಾಗುತ್ತದೆ, ಬೇಡದ್ದನ್ನು ಬಿಟ್ಟು ಓದಿ. ನಮ್ಮದು ವಿಟಮಿನ್ ಡಿ ಅಲ್ಲ, ಬೂಷ್ಟಿನ ವಿಷ. ಆದರೂ ನಾವು ಮಾಡಿದ ತಪ್ಪುಗಳು ನಿಮಗೆ ಉಪಯೋಗಕ್ಕೆ ಬರಬಹುದು.

ಮೂರು ವರ್ಷದ ಹಿಂದೆ, ಕಡಲೆಕಾಯಿ ಪರಿಷೆಯ ವಾರ. ನಮ್ಮ ಕೆಂಚ ಬೀದಿಯಿಂದ ತಂದ ನಾಯಿ, 17 ಕೆಜಿ, ಕಲ್ಲು ಹಾಕಿದರೂ ಅರಗಿಸಿಕೊಳ್ಳುವ ಜಾತಿ. ಇದ್ದಕ್ಕಿದ್ದಂತೆ ಊಟ ಬಿಟ್ಟ. ತಟ್ಟೆ ಮೂಸಿ ನೋಡುವುದು, ನನ್ನ ಮುಖ ನೋಡುವುದು, ಹೋಗಿ ಬಾಗಿಲ ಸಂದಿಯಲ್ಲಿ ಮಲಗುವುದು. ಆ ಮೂಸಿ ಬಿಡುವುದನ್ನು ನಾನು ಕೊಬ್ಬು ಅಂದುಕೊಂಡೆ. ಕೋಳಿ ಸಾರು ಸುರಿದು ಅದೇ ಫುಡ್ಡನ್ನು ಕಲೆಸಿ ಇಟ್ಟೆ. ಸಾರಿನ ಆಸೆಗೆ ತಿಂದ ಪಾಪ. ಇವತ್ತಿಗೂ ಅದು ನೆನಪಾದರೆ ಹೊಟ್ಟೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಗುತ್ತದೆ. ನಾಯಿ ತಿನ್ನದಿದ್ದರೆ ಅದಕ್ಕೊಂದು ಕಾರಣ ಇರುತ್ತದೆ, ಪುಸಲಾಯಿಸಿ ತಿನ್ನಿಸಲು ಹೋಗಬೇಡಿ.

ಎರಡನೇ ದಿನ ವಾಂತಿ. ಡಾಕ್ಟರ್ ಹತ್ತಿರ ಹೋದೆವು. ಬೆಂಗಳೂರಲ್ಲಿ ನಾಯಿ ಮಂಕಾದರೆ ಮೊದಲ ಗುಮಾನಿ ಟಿಕ್ ಫೀವರ್ ಮೇಲೆ, ಅದು ಸಹಜವೇ, ಹತ್ತರಲ್ಲಿ ಆರು ನಾಯಿಗೆ ಉಣ್ಣೆ ಇದ್ದೇ ಇರುತ್ತದೆ ಅನ್ನೋ ಹಾಗಿದೆ ನಮ್ಮ ಊರು. ಅದರ ಮಾತ್ರೆ ಶುರುವಾಯಿತು. ಡಾಕ್ಟರ್ ತಪ್ಪು ಅನ್ನುವುದಿಲ್ಲ. ಏನು ತಿಂತಾನೆ ಅಂತ ಕೇಳಿದಾಗ ನಾನು 'ಮಾಮೂಲಿ ಡ್ರೈ ಫುಡ್' ಎಂದೆ. ಹೊಸ ಚೀಲ ಒಡೆದು ಹನ್ನೆರಡು ದಿನ ಆಗಿದೆ ಎಂದು ಹೇಳಲಿಲ್ಲ. ಹೇಳಬೇಕು ಅಂತ ಹೊಳೆಯಲೇ ಇಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಟೆರೇಸ್ ಮೇಲೆ ಬಟ್ಟೆ ಒಣಹಾಕುತ್ತಿದ್ದೆ. ಕೆಂಚ ಕಷ್ಟಪಟ್ಟು ಮೆಟ್ಟಿಲು ಹತ್ತಿ ಬಂದು ನನ್ನ ಕಾಲ ಹತ್ತಿರ ಕೂತು ತಲೆ ಎತ್ತಿದ. ಬಿಸಿಲು ನೇರ ಮುಖಕ್ಕೆ ಬಿತ್ತು. ಕಣ್ಣಿನ ಬಿಳಿ ಭಾಗ ಅರಿಶಿನ ಕದಡಿದ ನೀರಿನ ಹಾಗಿತ್ತು. ಮನೆಯೊಳಗೆ ಟ್ಯೂಬ್‌ಲೈಟಲ್ಲಿ ಮೂರು ದಿನದಿಂದ ಅದೇ ಕಣ್ಣು ನೋಡಿದ್ದೇನೆ, ಗೊತ್ತೇ ಆಗಿರಲಿಲ್ಲ. ತುಟಿ ಎತ್ತಿ ನೋಡಿದರೆ ವಸಡೂ ಹಳದಿ. ಆಮೇಲೆ ಕುಂಡದ ಹತ್ತಿರ ಮೂತ್ರ ಮಾಡಿದ, ಸಿಮೆಂಟ್ ಮೇಲೆ ಬಿದ್ದದ್ದು ಗಾಢ ಕಿತ್ತಳೆ ಬಣ್ಣ. ಅದಕ್ಕೇ ಹೇಳುವುದು, ಹಗಲ ಬೆಳಕಲ್ಲಿ ನೋಡಿ. ಮೊಬೈಲ್ ಟಾರ್ಚ್ ಹಾಕಿ ನೋಡಿದರೆ ಎಲ್ಲ ಬಿಳಿಯಾಗೇ ಕಾಣುತ್ತದೆ.

ಮತ್ತೆ ಓಡಿದೆವು. ಲಿವರ್ ಟೆಸ್ಟ್ ಎಸ್‌ಜಿಪಿಟಿ, ನೂರರ ಒಳಗೆ ಇರಬೇಕಾದದ್ದು, 640 ಬಂತು. ಆಗ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: ಪರಿಷೆಯ ಕಡಲೆಕಾಯಿ ಏನಾದರೂ ತಿನ್ನಿಸಿದ್ರಾ? ಎರಡನೆಯದು: ಚೀಲ ಇದೆಯಾ? ಕಡಲೆಕಾಯಿಯಲ್ಲೂ ಮೆಕ್ಕೆಜೋಳದಲ್ಲೂ ಬರುವ ಬೂಷ್ಟು ಒಂದೇ, ಅದು ಮಾಡುವ ವಿಷದ ಹೆಸರು ಅಫ್ಲಾಟಾಕ್ಸಿನ್. ಡ್ರೈ ಫುಡ್ಡಿನಲ್ಲಿ ಮೆಕ್ಕೆಜೋಳ ಇರುತ್ತದಲ್ಲ, ಅದರ ಜೊತೆ ಬರುತ್ತದೆ. ನಾವಾದರೆ ಇವತ್ತು ಚಪಾತಿ, ನಾಳೆ ಮುದ್ದೆ ಅಂತ ಬದಲಾಯಿಸಿ ತಿನ್ನುತ್ತೇವೆ. ನಾಯಿ ಬೆಳಿಗ್ಗೆ ಸಂಜೆ ಅದೇ ಚೀಲದಿಂದ ತಿನ್ನುತ್ತದೆ, ಸ್ವಲ್ಪ ಸ್ವಲ್ಪವೇ ಲಿವರ್‌ಗೆ ಪೆಟ್ಟು ಬೀಳುತ್ತಾ ಹೋಗುತ್ತದೆ. ಅಮೆರಿಕದಲ್ಲಿ ಇದರ ಮಿತಿ 20 ಪಿಪಿಬಿ, ಅಂದರೆ ನೂರು ಕೋಟಿ ಪಾಲಲ್ಲಿ ಇಪ್ಪತ್ತು ಪಾಲು. 2020ರ ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಇದೇ ಕಾರಣಕ್ಕೆ ಒಂದು ದೊಡ್ಡ ರೀಕಾಲ್ ಆಗಿ, ನೂರಕ್ಕೂ ಹೆಚ್ಚು ನಾಯಿಗಳು ಸತ್ತ ವರದಿ ಅಲ್ಲಿಯ ಆಹಾರ, ಔಷಧ ಇಲಾಖೆ ಎಫ್‌ಡಿಎ ಹತ್ತಿರ ಸೇರಿತ್ತು.

ಈ ವಿಷಕ್ಕೆ ಇದೇ ಮದ್ದು ಅಂತ ಒಂದಿಲ್ಲ. ಡ್ರಿಪ್, ಲಿವರ್ ಔಷಧಿ, ರಕ್ತ ಹೆಪ್ಪುಗಟ್ಟಲು ವಿಟಮಿನ್ ಕೆ, ಹೀಗೆ ಐದು ದಿನ. ಉಳಿದ. ಉಳಿಯಲು ಒಂದೇ ಕಾರಣ ಅಂತ ಡಾಕ್ಟರ್ ಹೇಳಿದ್ದು, ಊಟ ಬಿಟ್ಟಿದ್ದ ಅನ್ನುವುದು. ನಾನು ಸಾರು ಹಾಕಿ ತಿನ್ನಿಸಿದ ಎರಡು ಹೊತ್ತು ಬಿಟ್ಟರೆ.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. ಡ್ರಮ್ಮಲ್ಲಿ ಉಳಿದದ್ದನ್ನು ನಮ್ಮಮ್ಮ, ಸ್ವಲ್ಪ ಮುಗ್ಗಲು ಅಷ್ಟೇ ಅಲ್ವಾ, ಒಂದು ದಿನ ಬಿಸಿಲಿಗೆ ಹಾಕಿದರೆ ಸರಿ ಹೋಗುತ್ತದೆ, ಎರಡೂವರೆ ಸಾವಿರದ ಮಾಲು ಅಂದರು. ಅಕ್ಕಿ ಬೇಳೆಗೆ ಮಾಡುವ ಹಾಗೆ. ಬಿಸಿಲಿಗೆ ಬೂಷ್ಟು ಸಾಯಬಹುದು, ವಾಸನೆ ಹೋಗಬಹುದು, ವಿಷ ಹೋಗುವುದಿಲ್ಲ. ಬೇಯಿಸಿದರೂ ಹೋಗುವುದಿಲ್ಲ. ನಮ್ಮ ಚೀಲದಲ್ಲಂತೂ ಕಣ್ಣಿಗೆ ಬೂಷ್ಟೇ ಕಂಡಿರಲಿಲ್ಲ.

ಕಂಪನಿಯವರು ಯಾವತ್ತೂ ರೀಕಾಲ್ ಅಂತ ಹೇಳಲಿಲ್ಲ. ಅಂಗಡಿಗೆ ಹೋಗಿ ಲ್ಯಾಬ್ ರಿಪೋರ್ಟ್ ತೋರಿಸಿದೆ. ಆತ ಮಾತಾಡದೆ ರ‍್ಯಾಕಿನಲ್ಲಿದ್ದ ಮೂರು ಚೀಲ ತೆಗೆದು ಒಳಗಿಟ್ಟ. ನಮ್ಮ ಕಡೆ ರೀಕಾಲ್ ಅಂದರೆ ಅಷ್ಟೇ.

ಜೆ.ಪಿ. ನಗರದಿಂದ

ನಾನು ಪೆಟ್ ಶಾಪಿನಲ್ಲಿ ಆರು ವರ್ಷ ಕೆಲಸ ಮಾಡಿದವನು. ಮೇಲೆ ಬಸವನಗುಡಿಯವರು ಹೇಳಿದ್ದು ನಿಜ, ಬಹಳ ಸಲ ಹಾಗೇ ಆಗುವುದು. ಆದ್ದರಿಂದ ನಿಮ್ಮ ಕೈಯಲ್ಲಿರುವುದು ಚೀಲದ ಮೇಲಿನ ನಂಬರ್ ಒಂದೇ.

ರೀಕಾಲ್ ಆಗುವುದು ಬ್ರ್ಯಾಂಡ್ ಅಲ್ಲ, ಲಾಟ್. ಒಂದು ದಿನ ಒಂದು ಮಿಷಿನ್ನಿನಲ್ಲಿ ಬಂದ ಮಾಲು. 2019ರ ಜನವರಿ ಕೊನೆಯಲ್ಲಿ ಅಮೆರಿಕದಲ್ಲಿ ಹಿಲ್ಸ್ ಕಂಪನಿ ಇದೇ ವಿಟಮಿನ್ ಡಿ ಕಾರಣಕ್ಕೆ ವಾಪಸ್ ಕರೆಸಿತಲ್ಲ, ಆಗ ಟಿನ್ ಡಾಗ್ ಫುಡ್ ಮಾತ್ರ ವಾಪಸ್ ಹೋಯಿತು, ಅವರ ಡ್ರೈ ಫುಡ್ ಅದರಲ್ಲಿ ಇರಲಿಲ್ಲ, ಬೆಕ್ಕಿನದೂ ಇರಲಿಲ್ಲ. ವಿಟಮಿನ್ ಮಿಶ್ರಣ ಮಾಡಿ ಕೊಡುವ ಸಪ್ಲೈಯರ್ ಮಾಡಿದ ತಪ್ಪು ಅದು. ಇಲ್ಲಿ ಮಾತ್ರ ಜನ ಬಂದು ಡ್ರೈ ಫುಡ್ ಚೀಲವನ್ನೇ ಕೌಂಟರ್ ಮೇಲೆ ಕುಕ್ಕಿ ಜಗಳ ಆಡಿದರು. ಹಾಗಾಗಿ ಮೊದಲು ಕಂಪನಿಯ ಪ್ರಕಟಣೆ ತೆಗೆದು ಹೆಸರು, ತೂಕ, ಲಾಟ್ ನಂಬರ್, ಬೆಸ್ಟ್ ಬಿಫೋರ್ ದಿನಾಂಕ, ನಾಲ್ಕೂ ತಾಳೆ ನೋಡಿ. ಒಂದು ಅಕ್ಷರ ಬೇರೆ ಇದ್ದರೂ ಬೇರೆ ಲಾಟೇ.

ಆ ನಂಬರ್ ಚೀಲದ ಹಿಂದೆ ಕೆಳಗೆ, ಇಲ್ಲ ಹೊಲಿಗೆ ಹತ್ತಿರ ಇರುತ್ತದೆ. ಕಪ್ಪು ಚುಕ್ಕಿ ಚುಕ್ಕಿಯಾಗಿ ಹೊಡೆದಿರುತ್ತಾರೆ, ಒದ್ದೆ ಕೈ ತಾಗಿದರೆ ಅಳಿಸುತ್ತದೆ. ಇಂಪೋರ್ಟ್ ಮಾಲಾದರೆ ಇಲ್ಲಿಯ ಆಮದುದಾರರ ಹೆಸರು, ವಿಳಾಸ, ಕಸ್ಟಮರ್ ಕೇರ್ ನಂಬರ್ ಇರುವ ಬಿಳಿ ಸ್ಟಿಕ್ಕರ್ ಇರಲೇಬೇಕು, ಅದು ಕಾನೂನು. ಕೆಲವರು ಆ ಸ್ಟಿಕ್ಕರನ್ನು ಸರಿಯಾಗಿ ಲಾಟ್ ನಂಬರ್ ಮೇಲೇ ಅಂಟಿಸಿರುತ್ತಾರೆ. ಕೂದಲು ಒಣಗಿಸುವ ಡ್ರೈಯರ್ ಹಿಡಿದರೆ ನಿಧಾನವಾಗಿ ಏಳುತ್ತದೆ.

ಚೀಲ ಇಲ್ಲ ಅಂದರೆ ಬಿಲ್ ಹುಡುಕಿ. ಫೋನ್‌ಪೇಯಲ್ಲೋ ಗೂಗಲ್‌ಪೇಯಲ್ಲೋ ಕೊಟ್ಟ ದಿನ ಸಿಗುತ್ತದೆ. ಆ ದಿನ ಹಿಡಿದು ಅಂಗಡಿಯವರನ್ನು ಕೇಳಿ, ಡಿಸ್ಟ್ರಿಬ್ಯೂಟರ್ ಬಿಲ್‌ನಲ್ಲಿ ಕೆಲವು ಸಲ ಬ್ಯಾಚ್ ಬರೆದಿರುತ್ತದೆ. ಆನ್‌ಲೈನ್ ತಂದಿದ್ದರೆ ಆರ್ಡರ್ ನಂಬರ್ ಕೊಟ್ಟು ಮೇಲ್ ಮಾಡಿ, ಫೋನಲ್ಲಿ ಮಾತಾಡಿ ಬಿಡಬೇಡಿ.

ಲೂಸ್ ತರುವವರಿಗೆ ಒಂದು ಮಾತು. 20 ಕೆಜಿ ಚೀಲ ಬಿಚ್ಚಿ ಒಂದೊಂದು ಕೆಜಿ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಕೊಡುತ್ತಾರಲ್ಲ, ಅದನ್ನು ನಾನೇ ಸಾವಿರ ಸಲ ಕಟ್ಟಿದ್ದೇನೆ. ಚೀಲದ ತಳ ಕಂಡಾಗ ಮೇಲೆ ಹೊಸ ಚೀಲ ಸುರಿಯುತ್ತಿದ್ದೆವು. ಯಾವ ಲಾಟು, ಯಾವ ತಿಂಗಳು, ದೇವರಿಗೇ ಗೊತ್ತು. ನಿಮ್ಮ ಸ್ಟೀಲ್ ಡ್ರಮ್ಮೂ ಅದೇ ಕಥೆ ಮೇಡಂ, ಕೋಪ ಮಾಡಿಕೊಳ್ಳಬೇಡಿ. ಚೀಲದ ಸಮೇತ ಡ್ರಮ್ಮಲ್ಲಿ ಇಳಿಸಿ ಮುಚ್ಚಳ ಹಾಕಿದರೆ ಮುಗೀತು.

ಯಲಹಂಕದಿಂದ

ಎಲ್ಲರೂ ನಾಯಿಯ ಬಗ್ಗೆ ಹೇಳಿದ್ದಾರೆ, ನಾನು ಮನೆಯವರ ಬಗ್ಗೆ ಹೇಳುತ್ತೇನೆ. ಮೇಡಂ ನಿಮ್ಮದು ವಿಟಮಿನ್ ಡಿ, ಅದು ನಿಮಗೆ ಅಂಟುವುದಲ್ಲ, ಬಿಡಿ. ಆದರೆ ಸಾಲ್ಮೊನೆಲ್ಲಾ ಅಂತ ರೀಕಾಲ್ ಆದರೆ ನಾಯಿಗಿಂತ ಮೊದಲು ಮಕ್ಕಳನ್ನು ನೋಡಿ. ನಾಯಿಗೆ ಏನೂ ಆಗದೆ ಇರಬಹುದು, ಅದರ ಕಕ್ಕದಲ್ಲಿ ಎಂಜಲಲ್ಲಿ ಆ ರೋಗಾಣು ಬರುತ್ತಲೇ ಇರುತ್ತದೆ. 2012ರಲ್ಲಿ ಅಮೆರಿಕ, ಕೆನಡಾ ಎರಡೂ ಸೇರಿ 49 ಜನಕ್ಕೆ ಡ್ರೈ ಡಾಗ್ ಫುಡ್‌ನಿಂದ ಬಂದಿತ್ತು. 2023ರಲ್ಲಿ ಇನ್ನೊಂದು ಸಲ ಏಳು ಜನಕ್ಕೆ, ಆ ಏಳರಲ್ಲಿ ಆರು ಒಂದು ವರ್ಷದ ಇಲ್ಲ ಅದಕ್ಕಿಂತ ಚಿಕ್ಕ ಕೂಸುಗಳು.

ನಮ್ಮ ಮಗಳು ಅಂಬೆಗಾಲಿಡುವಾಗ ನಾಯಿಯ ತಟ್ಟೆಗೆ ಕೈ ಹಾಕಿ ಒಂದೆರಡು ಕಾಳು ಬಾಯಿಗೆ ಹಾಕಿಕೊಂಡದ್ದು ಇದೆ, ನಾವು ನಕ್ಕು ವಿಡಿಯೋ ಮಾಡಿದ್ದೂ ಇದೆ. ಈಗ ನಗು ಬರುವುದಿಲ್ಲ. ನಾಯಿಯ ತಟ್ಟೆಯನ್ನು ಮನೆ ಪಾತ್ರೆಗಳ ಜೊತೆ ಒಂದೇ ಸಿಂಕಲ್ಲಿ ಒಂದೇ ಸ್ಕ್ರಬ್ಬರಲ್ಲಿ ಉಜ್ಜುವುದನ್ನು ಬಿಟ್ಟೆವು. ಸೋಪು ನೀರಲ್ಲಿ ತೊಳೆದು ಆಮೇಲೆ ಬ್ಲೀಚ್ ಬೆರೆಸಿದ ನೀರಲ್ಲಿ ಅದ್ದಿ ಒಣಗಿಸಬೇಕು. ಅಳತೆಯ ಲೋಟವನ್ನೂ. ಎಲ್ಲರೂ ಮರೆಯುವುದು ಆ ಲೋಟವನ್ನೇ.

ಮಲ್ಲೇಶ್ವರಂನಿಂದ

ಬೆಕ್ಕು ಸಾಕಿದವರು ಇದನ್ನು ಓದುತ್ತಿದ್ದರೆ. ನಾಯಿಗೆ ಒಂದು ದಿನ ಉಪವಾಸ ಹಾಕಿದ ಹಾಗೆ ಬೆಕ್ಕಿಗೆ ಹಾಕಬೇಡಿ. ಬೆಕ್ಕು ಎರಡು ಮೂರು ದಿನ ಏನೂ ತಿನ್ನದಿದ್ದರೆ ಲಿವರ್‌ಗೆ ಕೊಬ್ಬು ಸೇರಿ ಅದೇ ಇನ್ನೊಂದು ಕಾಯಿಲೆ ಆಗುತ್ತದೆ. ನಮ್ಮ ಮನೆಯದು ಹೊಸ ಫುಡ್ ಮೂಸಿಯೂ ನೋಡಲ್ಲ, ಮಹಾರಾಣಿ. ಕೊನೆಗೆ ಬೇಯಿಸಿದ ಮೀನು ಬೆರಳಿಗೆ ಹಚ್ಚಿ ನೆಕ್ಕಿಸಿ ಶುರು ಮಾಡಿದೆ.

ರೀಕಾಲ್ ಅಂದರೆ ಏನೋ ಜಾಸ್ತಿ ಬಿದ್ದಿರಬೇಕು ಅಂತಲೂ ಇಲ್ಲ, ಕಡಿಮೆ ಬಿದ್ದರೂ ಆಗುತ್ತದೆ. 2017ರಲ್ಲಿ ಅಮೆರಿಕದಲ್ಲಿ ಕೆಲವು ಟಿನ್ ಬೆಕ್ಕಿನ ಆಹಾರದಲ್ಲಿ ಥಯಾಮಿನ್, ಅಂದರೆ ಬಿ1, ಕಡಿಮೆ ಇದೆ ಅಂತ ವಾಪಸ್ ಕರೆಸಿದ್ದರು. ಅದು ಕಡಿಮೆಯಾದರೆ ಬೆಕ್ಕು ಕುತ್ತಿಗೆ ಎತ್ತಲಾಗದೆ ಗದ್ದ ಎದೆಗೆ ಅಂಟಿಸಿಕೊಂಡು ಕೂರುತ್ತದೆ, ನಡೆದರೆ ಕುಡಿದವರ ಹಾಗೆ ತೂರಾಡುತ್ತದೆ. ಬೇಗ ಗೊತ್ತಾದರೆ ಇಂಜೆಕ್ಷನ್ನಿಗೆ ಸರಿ ಹೋಗುತ್ತದೆ.

2007ರದು ಹಳಬರಿಗೆ ನೆನಪಿರಬಹುದು. ಆ ಮಾರ್ಚಿನಲ್ಲಿ ಕೆನಡಾದ ಒಂದು ಕಂಪನಿ ಒಂದೇ ಸಲಕ್ಕೆ 6 ಕೋಟಿ ಟಿನ್ ಮತ್ತು ಪೌಚ್ ವಾಪಸ್ ಕರೆಸಿತು. ಗೋಧಿಯ ಗ್ಲುಟನ್ನಿನಲ್ಲಿ ಪ್ರೊಟೀನ್ ಜಾಸ್ತಿ ತೋರಿಸಲು ಮೆಲಮೈನ್ ಬೆರೆಸಿದ್ದರು, ತಟ್ಟೆ ಲೋಟ ಮಾಡುವ ಮೆಲಮೈನೇ. ಕಿಡ್ನಿಯಲ್ಲಿ ಹರಳು ಕಟ್ಟಿ ಎಷ್ಟೋ ಬೆಕ್ಕು, ನಾಯಿ ಹೋದವು. ಅದಾದ ಮೇಲೆ ನಾನು ಪೌಚ್ ಖಾಲಿಯಾದರೂ ಬಿಸಾಡದೆ ಒಂದು ತಿಂಗಳು ಇಟ್ಟುಕೊಳ್ಳುತ್ತೇನೆ. ಮನೆಯವರು ಬೈಯುತ್ತಾರೆ, ಬೈಯಲಿ.

ಹೆಬ್ಬಾಳದಿಂದ

ನಾಳೆ ಡಾಕ್ಟರ್ ಹತ್ತಿರ ಹೋದಾಗ 'ಚೆಕಪ್ ಮಾಡಿ' ಅನ್ನಬೇಡಿ ಅಕ್ಕ. ಇಂಥ ಫುಡ್, ಇಷ್ಟು ದಿನ, ದಿನಕ್ಕೆ ಇಷ್ಟು ಗ್ರಾಂ, ರೀಕಾಲ್ ಆದ ಕಾರಣ ಇದು, ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಕಾರಣದ ಮೇಲೆ ಟೆಸ್ಟ್ ಬದಲಾಗುತ್ತದೆ. ನಿಮಗೆ ಬೇಕಾದದ್ದು ಕ್ಯಾಲ್ಸಿಯಂ, ಫಾಸ್ಫರಸ್, ಕ್ರಿಯಾಟಿನಿನ್, ಯೂರಿಯಾ, ಜೊತೆಗೆ ಮೂತ್ರ ಪರೀಕ್ಷೆ. ಕೆಲವು ಕಡೆ ಮಾಮೂಲಿ ಪ್ಯಾಕೇಜಿನಲ್ಲಿ ಕ್ಯಾಲ್ಸಿಯಂ ಸೇರಿರುವುದಿಲ್ಲ, ಕೇಳಿ ಸೇರಿಸಿ.

ರಾತ್ರಿಯಿಂದಲೇ ನೀರು ಅಳೆಯಿರಿ. ಬಿಸ್ಲೆರಿ ಬಾಟಲಿಯಲ್ಲಿ ಅಳೆದು ಸುರಿದು, 24 ಗಂಟೆ ಆದಮೇಲೆ ಉಳಿದದ್ದನ್ನು ಕಳೆಯಿರಿ. ನಾಯಿಗೆ ಕೆಜಿಗೆ 50, 60 ಎಂಎಲ್ ಮಾಮೂಲು. 100 ದಾಟಿದರೆ ಅದು ಬಿಸಿಲಿನ ಬಾಯಾರಿಕೆ ಅಲ್ಲ. 31 ಕೆಜಿ ಅಂದರೆ ಮೂರು ಲೀಟರ್ ಮೇಲೆ ಹೋದರೆ ಅತ್ತೆಯವರಿಗೂ ತೋರಿಸಬಹುದು.

ರಾತ್ರಿಯಲ್ಲಿ ವಾಂತಿ ನಿಲ್ಲದಿದ್ದರೆ, ಎದ್ದು ನಿಲ್ಲಲಾಗದಿದ್ದರೆ, ಮೂತ್ರವೇ ಮಾಡದಿದ್ದರೆ, ಬೆಳಗಾಗುವುದನ್ನು ಕಾಯಬೇಡಿ, ರಾತ್ರಿ ತೆರೆದಿರುವ ಕ್ಲಿನಿಕ್ಕಿಗೆ ಫೋನ್ ಮಾಡಿಕೊಂಡೇ ಹೊರಡಿ. ಇಲ್ಲದಿದ್ದರೆ ಬೆಳಿಗ್ಗೆ ಸಾಕು. ಖಾಸಗಿ ಕ್ಲಿನಿಕ್ ಖರ್ಚು ಜಾಸ್ತಿ ಅನಿಸಿದರೆ ಹೆಬ್ಬಾಳದ ವೆಟರ್ನರಿ ಕಾಲೇಜು ಆಸ್ಪತ್ರೆ ಇದೆ, ಕ್ವೀನ್ಸ್ ರಸ್ತೆಯಲ್ಲಿ ಸರ್ಕಾರಿ ಪಶು ಆಸ್ಪತ್ರೆ ಇದೆ. ಬೇಗ ಹೋಗಿ ಚೀಟಿ ಮಾಡಿಸಿ. ಎಂಟೂವರೆ ಮೇಲೆ ಹೊರಟರೆ ಹೆಬ್ಬಾಳ ಫ್ಲೈಓವರ್ ಮೇಲೇ ನಿಮ್ಮ ಸರದಿ ಮುಗಿದಿರುತ್ತದೆ.

ರಾಜಾಜಿನಗರದಿಂದ

ಉಳಿದ ಫುಡ್ಡಿನಲ್ಲಿ ಅರ್ಧ ಕೆಜಿಯನ್ನು ಜಿಪ್ ಕವರಿಗೆ ಹಾಕಿ, ದಿನಾಂಕ ಬರೆದು ಫ್ರೀಜರಿನಲ್ಲಿ ಇಡಿ. ಮೇಲೆ ದೊಡ್ಡದಾಗಿ 'ತಿನ್ನಬಾರದು' ಅಂತ ಬರೆಯಿರಿ, ನಗಬೇಡಿ, ನಮ್ಮ ಮನೆಯಲ್ಲಿ ಕೆಲಸದವರು ಅದನ್ನೇ ತೆಗೆದು ನಾಯಿಗೆ ಹಾಕಿಬಿಟ್ಟಿದ್ದರು.

ಕಂಪನಿಯವರು ಬಂದು 'ಪೂರ್ತಿ ಚೀಲ ಕೊಡಿ, ಟೆಸ್ಟ್ ಮಾಡಿಸುತ್ತೇವೆ' ಅಂದರೆ ಪೂರ್ತಿ ಕೊಡಬೇಡಿ. ನಾನು ಕೊಟ್ಟೆ. ರಿಪೋರ್ಟ್ 'ಎಲ್ಲ ಸರಿ ಇದೆ' ಅಂತ ಬಂತು. ಇರಬಹುದು, ಇಲ್ಲದೆಯೂ ಇರಬಹುದು, ನನ್ನ ಹತ್ತಿರ ಮರುಪರೀಕ್ಷೆಗೆ ಒಂದು ಕಾಳೂ ಉಳಿದಿರಲಿಲ್ಲ. ಜೊತೆಗೆ ಒಂದು ಹೊಸ ಚೀಲ ಕೈಗಿಟ್ಟು, ಇನ್ನು ಮುಂದೆ ಏನೂ ದೂರಿಲ್ಲ ಅನ್ನೋ ಕಾಗದಕ್ಕೆ ಸಹಿ ಕೇಳಿದರು. ಸಹಿ ಹಾಕಲಿಲ್ಲ, ಚೀಲವನ್ನೂ ತೆಗೆದುಕೊಳ್ಳಲಿಲ್ಲ.

ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐಗೆ ದೂರು ಕೊಡಿ ಅಂತ ತುಂಬಾ ಜನ ಹೇಳುತ್ತಾರೆ. 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ 'ಆಹಾರ' ಅಂದರೆ ಮನುಷ್ಯರು ತಿನ್ನುವುದು, ಪ್ರಾಣಿಗಳ ಆಹಾರವನ್ನು ಅದರಿಂದ ಹೊರಗಿಟ್ಟಿದ್ದಾರೆ. ಆ ಬಾಗಿಲು ತಟ್ಟಿ ನಾನು ಒಂದು ತಿಂಗಳು ಹಾಳು ಮಾಡಿಕೊಂಡೆ. ದಾರಿ ಇರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ. ಅದರ ಪ್ರಕಾರ ಅಪಾಯದ ಮಾಲನ್ನು ವಾಪಸ್ ಕರೆಸಿಕೊಳ್ಳಿ ಅಂತ ಕೇಂದ್ರ ಪ್ರಾಧಿಕಾರ ಆದೇಶ ಮಾಡಬಹುದು. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೆ ದೂರು ಬರೆದುಕೊಳ್ಳುತ್ತಾರೆ. ಬಿಲ್, ಚೀಲದ ಫೋಟೋ, ಆಸ್ಪತ್ರೆಯ ಚೀಟಿ ಇಟ್ಟುಕೊಂಡು ಮಾಡಿ. ಚೀಟಿಯಲ್ಲಿ 'ವಾಂತಿ, ಸುಸ್ತು' ಅಂತಷ್ಟೇ ಇರುತ್ತದೆ, 'ಆಹಾರದ ಶಂಕೆ' ಅಂತ ಡಾಕ್ಟರ್ ಕೈಯಲ್ಲಿ ಒಂದು ಪದ ಬರೆಸಿಕೊಳ್ಳಿ. ನನ್ನ ದುಡ್ಡು ಬಂತು, ಆಸ್ಪತ್ರೆ ಖರ್ಚು ಬರಲಿಲ್ಲ. ಆ ಒಂದು ಪದ ಇರಲಿಲ್ಲ ಅದಕ್ಕೆ.

ಕೇಳಿದವರು, ವಿಜಯನಗರ (ಸೋಮವಾರ ಮಧ್ಯಾಹ್ನ)

ಬೆಳಿಗ್ಗೆ ರಕ್ತ ಕೊಟ್ಟು ಬಂದೆವು, ರಿಪೋರ್ಟ್ ಸಂಜೆ. ನಿಮ್ಮ ಚೀಟಿಯ ಉಪಾಯ ತುಂಬಾ ಉಪಯೋಗವಾಯಿತು, ಡಾಕ್ಟರ್ ಅದನ್ನು ಫೈಲಿಗೇ ಪಿನ್ ಮಾಡಿಕೊಂಡರು. ಕ್ಯಾಲ್ಸಿಯಂ ನಿಜಕ್ಕೂ ಪ್ಯಾಕೇಜಿನಲ್ಲಿ ಇರಲಿಲ್ಲ, ಕೇಳಿ ಸೇರಿಸಿದೆ.

ಚೀಲ ಸಿಕ್ಕಿತು! ಅತ್ತೆ ಮಡಚಿ ಇಟ್ಟಿದ್ದರು. ದಪ್ಪ ಚೀಲ, ಚೆನ್ನಾಗಿದೆ ಅಂತ ಊರಿಂದ ಬಂದ ಕೊಬ್ಬರಿ ಗಿಟುಕು ತುಂಬಿ ಅಟ್ಟದ ಮೇಲೆ ಇಟ್ಟಿದ್ದಾರೆ. ನಾನು ಏಣಿ ಹಾಕಿ ಹತ್ತಿ, ಟಾರ್ಚ್ ಹಿಡಿದು, ಕೊಬ್ಬರಿ ಎಲ್ಲ ಸುರಿದು ಹೊಲಿಗೆ ಹತ್ತಿರ ನೋಡಿದರೆ ನಂಬರ್ ಇತ್ತು. ನಾದಿನಿ ಕಳಿಸಿದ ಪಟ್ಟಿಯಲ್ಲೂ ಇತ್ತು. ಮೊದಲನೇ ಚೀಲದ್ದು ಗೊತ್ತಿಲ್ಲ, ಅದರಲ್ಲಿ ಅಕ್ಕನ ಮನೆಗೆ ಹುಣಸೆಹಣ್ಣು ಹೋಗಿದೆಯಂತೆ, ಫೋಟೋ ಕೇಳಿದ್ದೇನೆ. ನಿನ್ನೆಯ ನೀರು ಲೆಕ್ಕ ಹಾಕಿದರೆ ಹದಿನಾರು ಗಂಟೆಗೇ ಎರಡೂವರೆ ಲೀಟರ್ ದಾಟಿದೆ.

ಉಳಿದ ಫುಡ್ ಎಸೆಯುವುದು ಹೇಗೆ? ನಮ್ಮ ಬೀದಿಯಲ್ಲಿ ಐದಾರು ನಾಯಿಗಳಿಗೆ ದಿನಾ ಒಂದು ಹಿಡಿ ಹಾಕುತ್ತಿದ್ದೆ, ಅದು ನೆನಪಾಗಿ ಇನ್ನೂ ಭಯವಾಗುತ್ತಿದೆ.

ಆರ್.ಟಿ. ನಗರದಿಂದ

ನಾನು ದಿನಾ ರಾತ್ರಿ ಮೂವತ್ತು ಬೀದಿನಾಯಿಗಳಿಗೆ ಊಟ ಹಾಕುವವಳು. 'ನಮ್ಮ ನಾಯಿಗೆ ಆಗಲಿಲ್ಲ, ನಿಮ್ಮ ನಾಯಿಗಳಿಗೆ ಹಾಕಿ' ಅಂತ ಎಷ್ಟು ಜನ ಚೀಲ ತಂದು ಗೇಟಿಗೆ ಒರಗಿಸಿ ಹೋಗುತ್ತಾರೆ ಗೊತ್ತಾ. ಕೇಳಿದರೆ ಡೇಟ್ ಮುಗಿದಿರುತ್ತದೆ, ಇಲ್ಲ ಹುಳ ಬಿದ್ದಿರುತ್ತದೆ. ಬೀದಿ ನಾಯಿಗೂ ಲಿವರ್ ಒಂದೇ ಇರುವುದು ರೀ.

ದಿನಾ ಒಂದು ಹಿಡಿ ಅಂದರೆ ಬ್ರೂನೋ ತಿಂದಷ್ಟಲ್ಲ, ಆದರೂ ಒಂದು ವಾರ ಅವುಗಳ ಮೇಲೆ ಕಣ್ಣಿಡಿ, ಅದರಲ್ಲೂ ಮರಿಗಳು, ಸಣ್ಣ ಮೈಯವು. ಹಾಗೇ ಕಸದ ಆಟೋಗೆ ಹಾಕಬೇಡಿ, ಚೀಲ ಹರಿದು ಬಿದ್ದರೆ ನಾಯಿ, ಹಸು, ಕಾಗೆ ಎಲ್ಲ ಬರುತ್ತವೆ. ನಾನು ಮಾಡುವುದು ಹೀಗೆ: ಬಕೆಟಿಗೆ ಸುರಿದು ನೀರು ಹಾಕಿ ಗಂಜಿ ಮಾಡಿ, ಎರಡು ಮುಷ್ಟಿ ಬಟ್ಟೆ ಸೋಪಿನ ಪುಡಿ ಕಲೆಸಿ, ಎರಡು ಕವರಲ್ಲಿ ಬಿಗಿಯಾಗಿ ಕಟ್ಟಿ, ಆಟೋ ಬಂದಾಗ ಕೈಯಲ್ಲೇ ಕೊಟ್ಟು ಏನು ಅಂತ ಹೇಳುವುದು. ಸ್ಯಾಂಪಲ್ ತೆಗೆದಿಟ್ಟ ಮೇಲೆ ಮಾತ್ರ.

ಕೋರಮಂಗಲದಿಂದ

ಇದಕ್ಕೇ ನಾನು ಹೇಳೋದು, ಪ್ಯಾಕೆಟ್ ಫುಡ್ಡೇ ಬೇಡ, ಅನ್ನ ಕೋಳಿ ಬೇಯಿಸಿ ಹಾಕಿ.

ಬಸವನಗುಡಿಯಿಂದ

ನಾಲ್ಕು ದಿನಕ್ಕೆ ಸರಿ ಸರ್, ನಾವೂ ಹಾಕಿದೆವು, ಉಪ್ಪು, ಖಾರ, ಈರುಳ್ಳಿ ಇಲ್ಲದೆ. ವರ್ಷಗಟ್ಟಲೆ ಬರೀ ಅನ್ನ ಕೋಳಿ ಅಂದರೆ ಬೇರೆ ಕೊರತೆಗಳು ಶುರುವಾಗುತ್ತವೆ, ಅದನ್ನು ಡಾಕ್ಟರ್ ಕೇಳಿಯೇ ಮಾಡಬೇಕು. ಕಡಲೆಕಾಯಿಯ ಬೂಷ್ಟು ಮನೆ ಅಡುಗೆಗೂ ಬರುತ್ತದೆ.

ಕೇಳಿದವರು, ವಿಜಯನಗರ (ಗುರುವಾರ)

ತಡವಾಗಿದ್ದಕ್ಕೆ ಕ್ಷಮಿಸಿ, ದಿನಾ ಡ್ರಿಪ್ಪಿಗೆ ಓಡಾಟ. ಕ್ಯಾಲ್ಸಿಯಂ 13.1 ಬಂದಿತ್ತು, ಲ್ಯಾಬಿನವರ ಮಿತಿ 11.5. ಕ್ರಿಯಾಟಿನಿನ್ ಮಿತಿಯೊಳಗೇ ಇದೆ, ಅಂದರೆ ಕಿಡ್ನಿಗೆ ಇನ್ನೂ ಏಟು ಬಿದ್ದಿಲ್ಲ ಎಂದರು. ಮೂರು ದಿನ ಸಲೈನ್ ಹಾಕಿದರು, ಮಾತ್ರೆ ಕೊಟ್ಟಿದ್ದಾರೆ. ಇವತ್ತು ಮತ್ತೆ ನೋಡಿದಾಗ 11.9. ವಿಟಮಿನ್ ಡಿ ಕೊಬ್ಬಿನಲ್ಲಿ ಸೇರಿಕೊಂಡಿರುತ್ತದಂತೆ, ಬೇಗ ಹೋಗುವುದಿಲ್ಲ, ಹಾಗಾಗಿ ವಾರಕ್ಕೊಂದು ಸಲ ರಕ್ತ ಪರೀಕ್ಷೆ, ಇನ್ನೂ ಕೆಲವು ವಾರ. ಸಿರಪ್ ಬಾಟಲಿ ತೋರಿಸಿದೆ. ಅದರಲ್ಲೂ ವಿಟಮಿನ್ ಡಿ ಇತ್ತು, ಲೇಬಲ್ಲಿನ ಮೂರನೇ ಸಾಲಲ್ಲಿ. ಒಂದು ವರ್ಷದಿಂದ ಹಾಕುತ್ತಿದ್ದೇನೆ, ಓದಿರಲಿಲ್ಲ.

ಆಮದುದಾರರಿಗೆ ಮೇಲ್ ಹಾಕಿದ್ದೇನೆ, ಇನ್ನೂ ಉತ್ತರ ಇಲ್ಲ. 1915ಕ್ಕೂ ಮಾಡಿದೆ, ದೂರಿನ ನಂಬರ್ ಕೊಟ್ಟರು. ಡಾಕ್ಟರ್ 'ಆಹಾರದ ಶಂಕೆ' ಅಂತ ಬರೆದುಕೊಟ್ಟಿದ್ದಾರೆ, ರಾಜಾಜಿನಗರದವರಿಗೆ ಥ್ಯಾಂಕ್ಸ್. ಬೀದಿಯ ನಾಯಿಗಳು ಚೆನ್ನಾಗಿವೆ, ದಿನಾ ಬೆಳಿಗ್ಗೆ ಲೆಕ್ಕ ಹಾಕುತ್ತಿದ್ದೇನೆ, ಐದೂ ಇವೆ.

ಹೊಸ ಚೀಲ ತಂದಿದ್ದೇವೆ, ಬೇರೆ ಬ್ರ್ಯಾಂಡು, ಚೀಲದ ಸಮೇತ ಡ್ರಮ್ಮಲ್ಲಿ ಕೂತಿದೆ. ನಂಬರಿನ ಫೋಟೋ ತೆಗೆದುಕೊಂಡೆ. ಅತ್ತೆ ಬಂದು ನೋಡಿ, ಇದು ಖಾಲಿಯಾದರೆ ನನಗೇ ಕೊಡು, ಇದರ ಜಿಪ್ಪು ಇನ್ನೂ ಚೆನ್ನಾಗಿದೆ ಅಂದರು.

ಒಂದು ಪ್ರಶ್ನೆ ಉಳಿದಿದೆ. ಡ್ರಿಪ್ ಹಾಕಿದ ಕಾಲಿನ ಬ್ಯಾಂಡೇಜನ್ನು ಕಚ್ಚಿ ಬಿಚ್ಚುತ್ತಿದ್ದಾನೆ, ಕುತ್ತಿಗೆಗೆ ಹಾಕುವ ಆ ಕೋನ್ ನಮ್ಮ ಮನೆಯ ಬಾಗಿಲಲ್ಲಿ ತೂರುತ್ತಿಲ್ಲ. ಯಾರಾದರೂ ಬೇರೆ ಏನಾದರೂ ಮಾಡಿದ್ದೀರಾ?